ಗಾಜಿನ ಪಟ್ಟಿ

ಹೆಸರಘಟ್ಟದ ದಾರಿಯಲ್ಲಿ, ಬ್ಯಾತದ ತಿರುವಿಗೆ ಮೊದಲು
ನನ್ನದೊಂದು ಬೋರ್ಡು: ಮನೆ ಕಟ್ಟಿಕೊಡಲಾಗುತ್ತದೆ.
ಕೆಳಗೆ ಫೋನ್ ನಂಬರು. ಅದರ ಕೊನೆಯ ಏಳನ್ನು
ಯಾರೋ ಕಲ್ಲು ಹೊಡೆದು ಒಂದು ಮಾಡಿದ್ದಾರೆ.
ಬೇಕಾದವರು ಹೇಗೂ ಕೇಳಿಕೊಂಡು ಬರುತ್ತಾರೆ,
ಬೈಯುವವರೂ.

ಹದಿನಾರು ವರ್ಷ, ನಲವತ್ತೊಂದು ಮನೆ.
ಇಪ್ಪತ್ತು ಮೂವತ್ತರ ಸೈಟು, ಎರಡು ರೂಮು,
ದೇವರಿಗೊಂದು ಗೂಡು, ತಾರಸಿ ಮೇಲೆ ಕರಿ ಟ್ಯಾಂಕು.
ನಲವತ್ತರ ಬಗ್ಗೆ ಯಾರೂ ಏನೂ ಹೇಳಿದವರಲ್ಲ.
ಸುಮ್ಮನೆ ನಿಂತ ಗೋಡೆ ಸುದ್ದಿಯಲ್ಲ.

ನಲವತ್ತೊಂದನೆಯದು ಪಿಳ್ಳಮ್ಮನವರದು.
ಹಾಲು ಉಕ್ಕಿಸಿ ಆರನೇ ತಿಂಗಳಿಗೆ
ಮೂಡಣ ಗೋಡೆಯಲ್ಲಿ, ಕಿಟಕಿಯ ಕೆಳಗಿಂದ
ಕೂದಲೆಳೆಯಂಥ ಗೆರೆ.
ಶಿವರಾತ್ರಿಗೆ ಅದರೊಳಗೆ ಉಗುರು ಹೋಗುತ್ತಿತ್ತು.
ಯುಗಾದಿಗೆ ಇರುವೆಗಳು, ಸಾಲಾಗಿ, ಸಂಸಾರ ಸಮೇತ.

ಅಷ್ಟರಲ್ಲಿ ಡೈರಿಯಲ್ಲಿ, ಫ್ಯಾಟು ಅಳೆಯುವ ಹೊತ್ತಿಗೆ
ಬಿರುಕು ಗೋಡೆಗಿಂತ ಉದ್ದವಾಗಿತ್ತು.
"ಗಂಗಹನುಮನ ಮನೆನಾ? ಒಳಗ್ ಮಲಗೇ ನಕ್ಷತ್ರ ಎಣಿಸ್ಬೌದಂತೆ."
"ಸಿಮೆಂಟ್ ಬದ್ಲು ಬೂದಿ ಹಾಕ್ತಾನಂತೆ."
ನಾನೇ ಕಟ್ಟಿದ ಮನೆಯಲ್ಲಿ ಮಲಗೆದ್ದು ಬಂದವನೊಬ್ಬ
ಕ್ಯಾನಿನ ಮುಚ್ಚಳ ಒತ್ತುತ್ತ ನಕ್ಕ.
ನಾನು ಲೀಟರು ಹಾಲು ಹಾಕಿ, ಚೀಟಿ ಇಸಿದುಕೊಂಡು ಬಂದೆ.

ಮುಂಗಡ ವಾಪಸು ಕೇಳಲು ಐವರಕಂಡಪುರದಿಂದ ಇಬ್ಬರು ಬಂದರು.
ಮೂರನೆಯವರು "ಹಬ್ಬ ಮುಗೀಲಿ" ಎಂದರು.
ಯಾವ ಹಬ್ಬ ಎಂದು ಹೇಳಲಿಲ್ಲ.
ಈ ಊರಿನ ಹೆಸರಲ್ಲೇ ಹೆಸರಿದೆ;
ಇಲ್ಲಿ ಹುಟ್ಟಿ ಹೆಸರಿಗೆ ಹೆದರದೆ ಇರುವುದು ಹೇಗೆ.

ಲೆಕ್ಕ ಬರೆಯುವ ಮಗಳು ಹೇಮಾವತಿ
ಕೆಂಪು ರಟ್ಟಿನ ಪುಸ್ತಕ ತೆರೆದು ಮುಂದಿಟ್ಟಳು:
"ತೋರಿಸಪ್ಪ ಎಲ್ಲರಿಗೂ. ಅವರೇ ಹೇಳಿದ್ದು, ಹೆಬ್ಬೆಟ್ಟಿದೆ."
ಇತ್ತು. ಪಾಯ ಐದಡಿ ಸಾಕು, ದುಡ್ಡಿಲ್ಲ, ಪಿಳ್ಳಮ್ಮ.

ಪುಸ್ತಕದಲ್ಲಿ ಇಲ್ಲದ್ದು:
ಯಾದಗಿರಿಯ ಸಾಬಣ್ಣ ಗುದ್ದಲಿ ನಿಲ್ಲಿಸಿ
"ಮಣ್ಣು ಮೆತ್ತಗೈತ್ರಿ, ಹಳೇ ಬಾವಿ ಇದ್ದಂಗೈತಿ" ಎಂದದ್ದು.
ಸಂಜೆ ನಾನು ಬೀಡಿ ಪೊಟ್ಟಣದ ಹಿಂದೆ ಕೂಡಿಸಿದ್ದು:
ಹತ್ತಡಿ ಇಳಿದರೆ ನನ್ನ ಕೈಯಿಂದ ಎಂಬತ್ತು ಸಾವಿರ.
ಬೆಳಿಗ್ಗೆ ಆಯಮ್ಮ "ಐದೇ ಸಾಕು ಗಂಗಣ್ಣ" ಎಂದಾಗ
ಎದೆಯೊಳಗೆ ಏನೋ ಹಗುರಾದದ್ದು.
"ಸರಿ ಬಿಡಿ" ಎಂದವನು ನಾನು.
ಆ ಮಾತಿಗೆ ಯಾರ ಹೆಬ್ಬೆಟ್ಟೂ ಇಲ್ಲ.

ಪುಸ್ತಕ ಮುಚ್ಚಿದೆ. ಒಡೆದ ಕಿಟಕಿಯ ಗಾಜಿನಲ್ಲಿ
ಬೆರಳುದ್ದದ ಪಟ್ಟಿ ಕೊಯ್ದು
ಬಿರುಕಿನ ಅಡ್ಡಕ್ಕೆ, ಎರಡೂ ತುದಿಗೆ ಸಿಮೆಂಟು ಮೆತ್ತಿ
ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಕು.
ಗೋಡೆ ಅಲುಗಿದರೆ ಗಾಜು ಸುಳ್ಳು ಹೇಳುವುದಿಲ್ಲ.

ಇಪ್ಪತ್ತನೇ ದಿನ ಟಿಣ್ ಎಂದಿತಂತೆ,
ಪಿಳ್ಳಮ್ಮ ರಾಗಿ ಮುದ್ದೆ ತಿರುವುತ್ತಿದ್ದಾಗ.

ಮಿಕ್ಸರ್ ಯಂತ್ರ ಮಾರಿದೆ.
ಮೂರು ಮೂರಡಿ ತೋಡಿ, ಗೋಡೆಗೆ ಬೊಡ್ಡೆ ಕೊಟ್ಟು,
ಬಾವಿಯ ತಳದ ಕರಿ ಕೆಸರು ಬರುವತನಕ ಇಳಿದು
ಕಲ್ಲು, ಕಂಬಿ, ಕಾಂಕ್ರೀಟು.
ಸಾಬಣ್ಣ ಆ ಹಳೇ ಮಾತನ್ನು ಎತ್ತಲಿಲ್ಲ.
ಎತ್ತಿದ್ದರೆ ಚೆನ್ನಾಗಿತ್ತು.

ಎರಡನೇ ಗಾಜು ಏಳು ತಿಂಗಳಿಂದ ನಿಂತಿದೆ.
ಅಮಾವಾಸ್ಯೆಗೊಮ್ಮೆ ಹೋಗಿ ಮುಟ್ಟಿ ನೋಡುತ್ತೇನೆ.
ಮೊದಲು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು.
ಈಗ ಲೋಟದಲ್ಲಿ ಕಾಫಿ, ಮಾತಿಲ್ಲ.
"ಕಿತ್ತು ಸುಣ್ಣ ಹೊಡೆದುಬಿಡಲಾ?" ಎಂದೆ ಒಮ್ಮೆ.
"ಇರ್ಲಿ ಬುಡು. ಬಂದೋರು ನೋಡ್ಲಿ."
ನೋಡಿ ಏನಂದುಕೊಳ್ಳಲಿ ಎಂದು ಆಯಮ್ಮ ಹೇಳಲಿಲ್ಲ,
ನಾನು ಕೇಳಲಿಲ್ಲ.

ಡೈರಿಯಲ್ಲಿ ನಕ್ಷತ್ರಗಳ ಎಣಿಕೆ ಇನ್ನೂ ನಡೆದಿದೆ.

ಮೊನ್ನೆ ಸೊಂಡೆಕೊಪ್ಪದ ಕಡೆಯಿಂದ ಗಂಡ ಹೆಂಡತಿ ಬಂದರು,
ಮಡಿಚಿದ ನಕ್ಷೆ, ಸ್ಕೂಟರಿನಲ್ಲಿ ನಿದ್ದೆ ಹೋದ ಮಗು.
ರೇಟು ಕೇಳಲಿಲ್ಲ. ಆಕೆ ಮೆಲ್ಲಗೆ:
"ನಮ್ಮ ಗೋಡೆಗೂ ಗಾಜು ಅಂಟಿಸ್ತೀರಾ?"
ಇನ್ನೂ ಇಲ್ಲದ ಗೋಡೆಗೆ.
ನಗು ಬಂತು, ನಗಲಿಲ್ಲ.
ಹೇಮಾವತಿ ಪುಸ್ತಕ ತೆಗೆದಳು, ಹೊಸ ಹಾಳೆ.
"ಮೊದಲು ಇದು ಬರ್ಕೋ" ಎಂದೆ,
ಅವರ ಕಡೆ ತಿರುಗಿ ಕೇಳಿದೆ:
ಆ ಜಾಗದಲ್ಲಿ ಹಿಂದೆ ಏನಿತ್ತು?